ಒಳ್ಳೆಯ ಕೈ ಮೊದಲು

ಹೊಳೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಮುರಿದ ಎಲುಬು ಕಟ್ಟುತ್ತಿದ್ದರು.

ಗುರುಗಳನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಅವರ ಹತ್ತಿರ ಇದ್ದವನು ಒಬ್ಬನೇ ಶಿಷ್ಯ, ಕೊಟ್ರೇಶ. ಆರು ವರ್ಷದಲ್ಲಿ ಅವನು ಬಿದಿರಿನ ದಬ್ಬೆ ಸೀಳುವುದನ್ನು, ಎಣ್ಣೆಯನ್ನು ಹದವಾಗಿ ಕಾಸುವುದನ್ನು, ಚರ್ಮದಡಿಯ ಎಲುಬನ್ನು ಬೆರಳ ತುದಿಯಲ್ಲೇ ಓದುವುದನ್ನು ಕಲಿತಿದ್ದ.

ಒಂದು ಬೆಳಿಗ್ಗೆ ಅವನು ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದು ಅಕ್ಷರದ ಜೊತೆ ಗುದ್ದಾಡುತ್ತಿದ್ದ.

"ಕ... ಕ... ಕ..."

ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಸ್ನಾನಕ್ಕೆ ಬಂದ ಅಜ್ಜಯ್ಯ ಶಲ್ಯ ತೆಗೆದು ಕಲ್ಲಿನ ಮೇಲಿಟ್ಟರು.

"ಯಾರನ್ನ ಕರೀತಿದ್ದೀ?"

"ನನ್ನನ್ನೇ, ಅಜ್ಜಯ್ಯ."

"ಬಂದನಾ?"

"ಇನ್ನೂ ಇಲ್ಲ."

"ನಿಧಾನಕ್ಕೆ ಬರಲಿ. ಅಷ್ಟರಲ್ಲಿ ನಾನು ಎರಡು ಮುಳುಗು ಹಾಕ್ತೀನಿ."

ಆಚೆ ದಂಡೆಯ ಪಟ್ಟಣದಲ್ಲಿ ಒಂದು ಧರ್ಮಾಸ್ಪತ್ರೆ ಇತ್ತು. ಅಲ್ಲಿಗೆ ಎಲುಬು ಕಟ್ಟುವವನೊಬ್ಬ ಬೇಕಾಗಿದ್ದ. ಹೋದ ವರ್ಷ ಸಂದರ್ಶನಕ್ಕೆ ಕರೆ ಬಂದಾಗ ಕೊಟ್ರೇಶ ಹೋಗಿ ನಾಲ್ಕು ಜನರೆದುರು ನಿಂತಿದ್ದ. ಅವರು ಕೇಳಿದ ಮೊದಲ ಪ್ರಶ್ನೆ, "ಹೆಸರೇನು?"

ಮಿಕ್ಕ ಮಾತು ಅವನಿಗೆ ಹೇಗೋ ಬರುತ್ತಿತ್ತು. ತನ್ನ ಹೆಸರೊಂದು ಮಾತ್ರ ಬರುತ್ತಿರಲಿಲ್ಲ; ಯಾರಾದರೂ ಎದುರು ಕೂತು ಕೇಳಿದರಂತೂ ಇಲ್ಲವೇ ಇಲ್ಲ. ಬಾಯಿ ತೆರೆದು ನಿಂತೇ ಇದ್ದ. ನಾಲ್ವರಲ್ಲಿ ಒಬ್ಬರು ನಕ್ಕರು.

"ಏನಪ್ಪಾ, ಹೆಸರು ಮನೇಲೇ ಬಿಟ್ಟು ಬಂದ್ಯಾ?"

ಕೊಟ್ರೇಶ ಕೈಮುಗಿದು ಹೊರಗೆ ಬಂದುಬಿಟ್ಟ.

ಆ ಜಾಗಕ್ಕೆ ಬೇರೆ ಯಾರೂ ಸಿಕ್ಕಿರಲಿಲ್ಲ. ಈಗ ಮತ್ತೆ ಕಾಗದ ಬಂದಿತ್ತು. ಸಂದರ್ಶನಕ್ಕೆ ಇನ್ನು ಹನ್ನೊಂದು ದಿನ. ಈ ಸಲವೂ ಯಾರೂ ಸಿಗದಿದ್ದರೆ ಆ ಹುದ್ದೆಯನ್ನೇ ತೆಗೆದುಹಾಕುವುದಾಗಿ ಬರೆದಿದ್ದರು.

ಕೊಟ್ರೇಶನ ಅಪ್ಪ ಆ ಪಟ್ಟಣದಲ್ಲಿ ಬಡಗಿಯಾಗಿದ್ದ. ಅವನ ಕೈ ಮುರಿದಾಗ ಹೊಳೆ ತುಂಬಿ ಹರಿಯುತ್ತಿತ್ತು, ಹರಿಗೋಲು ಬಿಡುತ್ತಿರಲಿಲ್ಲ. ನೀರು ಇಳಿದು, ಅವನು ದಾಟಿ ಈಚೆಗೆ ಬರುವಷ್ಟರಲ್ಲಿ ಎಲುಬು ಸೊಟ್ಟಗೇ ಕೂಡಿಕೊಂಡಿತ್ತು. ಅಪ್ಪ ಮತ್ತೆ ಉಳಿ ಹಿಡಿಯಲಿಲ್ಲ.

ಆಚೆ ದಂಡೆಯಲ್ಲೂ ಎಲುಬು ಕಟ್ಟುವವನೊಬ್ಬ ಇರಬೇಕು. ಕೊಟ್ರೇಶ ಆಶ್ರಮಕ್ಕೆ ಬಂದದ್ದೇ ಅದಕ್ಕಾಗಿ. ಈಗ ಆಚೆ ಹೋಗುವ ದಾರಿಗೆ ಒಂದು ಅಕ್ಷರ ಅಡ್ಡ ನಿಂತಿತ್ತು.

"ಅಜ್ಜಯ್ಯ, ನೀವೇ ಸಂದರ್ಶನ ಮಾಡೋರು ಅಂದ್ಕೊಳ್ಳಿ. ನನ್ನನ್ನ ಕೇಳಿ."

ಸ್ನಾನ ಮುಗಿಸಿದ ಅಜ್ಜಯ್ಯ ತಲೆ ಒರೆಸಿಕೊಂಡು ದಂಡೆಯ ಕಲ್ಲಿನ ಮೇಲೆ ನೆಟ್ಟಗೆ ಕೂತರು. ಮುಖ ಗಂಟು ಹಾಕಿಕೊಂಡರು.

"ಹೆಸರೇನು?"

ಕೊಟ್ರೇಶ ಬಾಯಿ ತೆರೆದು ನಿಂತ. ಅಜ್ಜಯ್ಯ ಕಾದರು. ಮಿಂಚುಳ್ಳಿಯೊಂದು ನೀರಿಗೆ ಎರಗಿ ಮೇಲೆದ್ದು ಕೊಂಬೆಯ ಮೇಲೆ ಕೂತು ಮೀನು ನುಂಗಿತು. ಅಜ್ಜಯ್ಯ ಇನ್ನೂ ಕಾಯುತ್ತಿದ್ದರು.

"ಅವರು ಇಷ್ಟು ಹೊತ್ತು ಕಾಯೋದಿಲ್ಲ, ಅಜ್ಜಯ್ಯ."

"ಅವರ ವಿಷಯ ನನಗೆ ಗೊತ್ತಿಲ್ಲ. ಹೋದ ಸಲ ಕಾಯದೆ ಹೊರಗೆ ಬಂದವರು ಯಾರು?"



ಮಾರನೆಯ ದಿನ ಕೊಟ್ರೇಶ ಒಂದು ಚೀಟಿ ಬರೆದುಕೊಂಡು ಬಂದ. ದುಂಡನೆಯ ಅಕ್ಷರದಲ್ಲಿ ಅವನ ಹೆಸರು, ಅದರ ಕೆಳಗೆ "ಎಲುಬು ಕಟ್ಟಲು ಬಲ್ಲೆ" ಎಂದಿತ್ತು.

"ಹೆಸರು ಕೇಳಿದ ಕೂಡಲೇ ಇದನ್ನ ಕೊಟ್ಟುಬಿಡ್ತೀನಿ."

ಅಜ್ಜಯ್ಯ ಚೀಟಿಯನ್ನು ದೂರ ಹಿಡಿದು ಓದಿದರು.

"ಅಕ್ಷರ ಚೆನ್ನಾಗಿದೆ. ಅವರು ಚೀಟಿಗೇ ಕೆಲಸ ಕೊಟ್ಟುಬಿಟ್ಟರೆ ನೀನೇನು ಮಾಡ್ತೀ?"

ಕೊಟ್ರೇಶನಿಗೆ ನಗು ಬಂತು. ಆದರೆ ಚೀಟಿಯನ್ನು ಮಡಚಿ ಸೊಂಟದಲ್ಲೇ ಇಟ್ಟುಕೊಂಡ.

ಅಂದಿನಿಂದ ಅವನ ತುಟಿ ಸುಮ್ಮನಿರಲಿಲ್ಲ. ದಬ್ಬೆ ಸೀಳುವಾಗ, ನೀರು ಸೇದುವಾಗ, ಊಟಕ್ಕೆ ಕೂತಾಗಲೂ ಅದೇ ಅಕ್ಷರ.

ಆರನೆಯ ದಿನ ಆಚೆ ದಂಡೆಯಿಂದ ಬಳೆಗಾರ್ತಿ ಸಂಗವ್ವ ಬಂದಳು. ಮೆಟ್ಟಿಲಲ್ಲಿ ಜಾರಿ ಬಿದ್ದು ಅವಳ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಅಜ್ಜಯ್ಯ ಒಳಗೆ ಎಣ್ಣೆ ಕಾಸುತ್ತಿದ್ದರು. ಕೊಟ್ರೇಶ ಅವಳನ್ನು ಚಾಪೆಯ ಮೇಲೆ ಕೂರಿಸಿದ.

ಆ ಆಶ್ರಮಕ್ಕೊಂದು ಪದ್ಧತಿ ಇತ್ತು. ಮುರಿದ ಕೈ ಮುಟ್ಟುವ ಮೊದಲು ಒಳ್ಳೆಯ ಕೈ ಹಿಡಿಯಬೇಕು. ಕೊಟ್ರೇಶ ಅಲ್ಲಿಗೆ ಬಂದು ಕಲಿತ ಮೊದಲ ಪಾಠ ಅದು. ಆರು ವರ್ಷದಲ್ಲಿ ಒಮ್ಮೆಯೂ ಮರೆತಿರಲಿಲ್ಲ.

ಅಂದು ಅವನ ತುಟಿಯಲ್ಲಿ ಅಕ್ಷರ ಕುಣಿಯುತ್ತಿತ್ತು. ಕೈ ನೇರ ಊದಿದ ಕಡೆಗೆ ಹೋಯಿತು.

ಸಂಗವ್ವ ಕಿರುಚಿ ಕೈ ಎಳೆದುಕೊಂಡಳು.

"ಏನಪ್ಪಾ ನೀನು, ಕಿತ್ತು ಮನೆಗೆ ಒಯ್ತೀಯೇನು? ಮುಟ್ಟಬೇಡ! ಅಜ್ಜಯ್ಯ ಎಲ್ಲಿ?"

ಅಜ್ಜಯ್ಯ ಬಂದರು. ಶಿಷ್ಯನ ಕಡೆ ನೋಡಲಿಲ್ಲ. ಅವಳ ಎದುರು ಕೂತು ಎಡಗೈಯನ್ನು ತಮ್ಮ ಎರಡೂ ಅಂಗೈ ನಡುವೆ ಇಟ್ಟುಕೊಂಡರು.

"ಈ ಕೈ ಎಷ್ಟು ಜನಕ್ಕೆ ಬಳೆ ತೊಡಿಸಿದೆಯವ್ವಾ?"

"ತೊಡಿಸೋದು ಬಲಗೈ, ಅಜ್ಜಯ್ಯ. ಇದು ಹಿಡಿಯೋ ಕೈ."

"ಮದುಮಗಳು ಅತ್ತರೆ?"

"ಅಳೋದು ಬಳೆ ಒತ್ತಿದಾಗ ಅಲ್ಲ, ಇದು ಬಿಗಿಯಾಗಿ ಹಿಡಿದಾಗ. ಸಡಿಲ ಹಿಡಿದರೆ ಎಂಥ ಸಣ್ಣ ಬಳೆನೂ ಏರುತ್ತೆ." ಅವಳು ಹೇಳುತ್ತಾ ಹೋದಳು. ಹೇಳುತ್ತಾ ಹೇಳುತ್ತಾ ಬಲಗೈ ತಾನಾಗಿ ಮಡಿಲಲ್ಲಿ ಬಿಚ್ಚಿಕೊಂಡಿತು. ಅಜ್ಜಯ್ಯನ ಬೆರಳು ಯಾವಾಗ ಅಲ್ಲಿಗೆ ಹೋಯಿತೋ, ಎಲುಬು ಯಾವಾಗ ಕೂತಿತೋ, ಅವಳಿಗೆ ತಿಳಿದದ್ದು ಕಟ್ಟು ಬಿಗಿದ ಮೇಲೆ.

ಸಂಜೆ ಕೊಟ್ರೇಶ ಗುರುಗಳ ಎದುರು ತಲೆ ತಗ್ಗಿಸಿ ಕೂತ.

"ಬೈಯಿರಿ, ಅಜ್ಜಯ್ಯ."

"ಒಳ್ಳೆ ಕೈ ಮೊದಲು ಹಿಡಿಯೋದು ಯಾಕೆ?"

"ಮುರಿಯೋಕೆ ಮುಂಚೆ ಆ ಕೈ ಹೇಗಿತ್ತು ಅಂತ ತಿಳೀಬೇಕು. ತಿಳಿಯದಿದ್ದರೆ ಇದನ್ನ ಯಾವುದರ ಹಾಗೆ ಕೂರಿಸೋದು?"

"ಮತ್ತೆ?"

ಕೊಟ್ರೇಶ ತಡೆದು ಹೇಳಿದ. "ನೋವಲ್ಲಿ ಇರೋರಿಗೆ ಮೈಯೆಲ್ಲಾ ಮುರಿದ ಹಾಗೆ ಅನಿಸಿರುತ್ತೆ. ಮುರಿಯದೇ ಇರೋದನ್ನ ಯಾರಾದರೂ ಹಿಡಿದು ತೋರಿಸಬೇಕು."

"ಹೂಂ. ಕೈ ಕೊಡು."

ಅವನು ಬಲಗೈ ಚಾಚಿದ. ಅಜ್ಜಯ್ಯ ಅದನ್ನು ಹಿಡಿದು, ದಬ್ಬೆ ಸೀಳಿ ಗಟ್ಟಿಯಾದ ಹೆಬ್ಬೆರಳನ್ನು ತಮ್ಮ ಬೆರಳಿನಿಂದ ಸವರಿದರು.

"ಈ ಕೈ ಎಷ್ಟು ಎಲುಬು ಕೂಡಿಸಿದೆ?"

"ಲೆಕ್ಕ ಇಟ್ಟಿಲ್ಲ."

"ಸಂದರ್ಶನದ ತಯಾರಿ ಅಂತ ಆರು ದಿನದಿಂದ ಮುರಿದ ಜಾಗವನ್ನೇ ಒತ್ತುತ್ತಾ ಇದ್ದೀ. ನೋಯ್ತಾ ಇಲ್ವಾ ತಮ್ಮಾ?"

ಕೊಟ್ರೇಶನ ಕಣ್ಣು ತುಂಬಿತು. ಅಜ್ಜಯ್ಯ ಕೈ ಬಿಡಲಿಲ್ಲ. ಹೊಳೆಯ ಮೇಲಿನ ಬೆಳಕು ಪೂರ್ತಿ ಆರುವವರೆಗೂ ಇಬ್ಬರೂ ಹಾಗೇ ಕೂತಿದ್ದರು.

ಮಾರನೆಯ ಬೆಳಿಗ್ಗೆಯಿಂದ ಅಜ್ಜಯ್ಯನೇ ಸಂದರ್ಶನಕ್ಕೆ ಕರೆಯತೊಡಗಿದರು. ಹೆಸರು ಮಾತ್ರ ಮೊದಲು ಕೇಳುತ್ತಿರಲಿಲ್ಲ.

"ಮುಂಗೈಯ ಎರಡು ಎಲುಬಲ್ಲಿ ಒಂದೇ ಮುರಿದರೆ ಹೇಗೆ ತಿಳಿಯುತ್ತೆ?"

"ಮುದುಕರಿಗೆ ಕಟ್ಟು ಎಷ್ಟು ಬಿಗಿ ಇರಬೇಕು?"

"ಕಟ್ಟು ಬಿಚ್ಚಿದ ಮೇಲೆ ಕೈ ಏಳದಿದ್ದರೆ ಅವರಿಗೆ ಏನು ಹೇಳ್ತೀ?"

ಕೊಟ್ರೇಶ ಹೇಳುತ್ತಿದ್ದ. ಬಾಯಿಗಿಂತ ಕೈಯಲ್ಲೇ ಹೆಚ್ಚು ಹೇಳುತ್ತಿದ್ದ. ಕೊನೆಗೊಮ್ಮೆ ಹೆಸರಿನ ಪ್ರಶ್ನೆ ಬರುತ್ತಿತ್ತು. ಒಂದು ದಿನ ಹೆಸರು ಬಂತು. ಎರಡು ದಿನ ಬರಲಿಲ್ಲ. ಬರದ ದಿನವೂ ಅಜ್ಜಯ್ಯ ಕಾದರು. ಕೊಟ್ರೇಶ ಎದ್ದು ಹೋಗಲಿಲ್ಲ.

ಹೊರಡುವ ದಿನ ಸಂಗವ್ವ ಕಟ್ಟು ತೋರಿಸಲು ಬಂದಳು. ಕೊಟ್ರೇಶ ಅವಳೆದುರು ಕೂತು ಎಡಗೈ ಹಿಡಿದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಓಹೋ, ಇವತ್ತು ನೆನಪಾಯ್ತೋ?"

"ತಪ್ಪಾಯ್ತವ್ವಾ."

"ಇರಲಿ ಬಿಡು. ನನ್ನ ಕೈಯಲ್ಲೂ ಎಷ್ಟು ಬಳೆ ಒಡೆದಿಲ್ಲ."

ಊತ ಇಳಿದಿತ್ತು. ಕೊಟ್ರೇಶ ಕಟ್ಟು ಸ್ವಲ್ಪ ಸಡಿಲಿಸಿ ಮತ್ತೆ ಬಿಗಿದ. ಅವಳು ಮುಖ ಕೂಡ ಕಿವುಚಲಿಲ್ಲ.

ಮೂವರೂ ಹೊಳೆಗೆ ಇಳಿದು ಬಂದರು. ಅಂಬಿಗ ಹರಿಗೋಲು ಹಿಡಿದು ನಿಂತಿದ್ದ. ಕೊಟ್ರೇಶ ಅಜ್ಜಯ್ಯನ ಪಾದ ಮುಟ್ಟಿದ. ಸೊಂಟದಿಂದ ಚೀಟಿ ತೆಗೆದು ಅವರ ಕೈಗಿಟ್ಟ.

"ಇದು ಇಲ್ಲೇ ಇರಲಿ."

ಅಜ್ಜಯ್ಯ ಚೀಟಿಯನ್ನು ಶಲ್ಯದ ಅಂಚಿಗೆ ಗಂಟು ಹಾಕಿಕೊಂಡರು.

"ಅಜ್ಜಯ್ಯ, ಅಲ್ಲಿ ಬಾಯೇ ಬರದಿದ್ದರೆ?"

ಅಜ್ಜಯ್ಯ ಸಂಗವ್ವನನ್ನು ಹತ್ತಿಸಿದರು. ಶಿಷ್ಯನನ್ನು ಹತ್ತಿಸಿದರು. ಆಮೇಲೆ ಬಗ್ಗಿ ಹರಿಗೋಲನ್ನು ಎರಡೂ ಕೈಯಿಂದ ನೀರಿಗೆ ನೂಕಿದರು.

ಅರ್ಧ ಹೊಳೆ ದಾಟಿರಬೇಕು. ಹಿಂದಿನಿಂದ ದೊಡ್ಡ ದನಿ ಬಂತು.

"ಹೆಸರೇನು?"

ಕೊಟ್ರೇಶ ತಿರುಗಿದ. ದಂಡೆಯ ಮೇಲೆ ಅಜ್ಜಯ್ಯ ನೆಟ್ಟಗೆ ನಿಂತಿದ್ದರು.

ಹೆಸರು ತುಟಿಯವರೆಗೆ ಬಂದು ನಿಂತಿತು. ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಹರಿಗೋಲು ನಿಂತಲ್ಲೇ ಮೆಲ್ಲಗೆ ಸುತ್ತತೊಡಗಿತು. ಸಂಗವ್ವ ಅವನ ಪರವಾಗಿ ತಾನೇ ಕೂಗಲು ಬಾಯಿ ತೆರೆದಳು. ಅಂಬಿಗ ಬೇಡವೆಂದು ತಲೆಯಾಡಿಸಿದ.

ಕೊಟ್ರೇಶನ ಎಡಗೈ ತಾನಾಗಿ ಬಲಗೈಯನ್ನು ಹುಡುಕಿ ಹಿಡಿಯಿತು. ಗಟ್ಟಿಯಾದ ಹೆಬ್ಬೆರಳು ಬೆರಳಿಗೆ ಸಿಕ್ಕಿತು. ಅವನು ಕಾದ. ಆಚೆ ದಂಡೆ ಒಮ್ಮೆ ಎದುರಿಗೆ ಬಂದು ಹೋಯಿತು. ಈಚೆ ದಂಡೆ ಬಂತು. ಅಜ್ಜಯ್ಯ ಅಲ್ಲೇ ಇದ್ದರು.

"ಕ..." ಎಂದ. ನಿಂತ. ಮತ್ತೆ "ಕ..." ಎಂದ.

"ಕೊಟ್ರೇಶ."

ದನಿ ದೊಡ್ಡದಾಗಿರಲಿಲ್ಲ. ಆದರೂ ಹೊಳೆ ಅದನ್ನು ದಂಡೆಗೆ ಮುಟ್ಟಿಸಿತು.

ಅಜ್ಜಯ್ಯ ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು ಕೂಗಿದರು.

"ಬಂದನಲ್ಲ! ಇನ್ನು ಅವನನ್ನೂ ಜೊತೆಗೆ ಕರಕೊಂಡು ಹೋಗು."