ಬೋರಲು ಹಾಕದ ಹರಿಗೋಲು

ಒಬ್ಬ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ ತಿಂಗಳಾಯಿತು. ಆ ಊರು ದೂರವೇನಲ್ಲ, ಮಠದ ಕಟ್ಟೆಯ ಮೇಲೆ ನಿಂತರೆ ಕಾಣುತ್ತದೆ. ಆದರೂ ನನಗೆ ಅನ್ನ ಸೇರುವುದಿಲ್ಲ, ಏನೋ ಭಯ. ಹೊರುವವಳು ಅವಳು, ಹೆರುವವಳು ಅವಳು. ನನ್ನ ಭಯವನ್ನು ಯಾರ ಮುಂದೆ ಹೇಳಲಿ? ನುಂಗಿಕೊಂಡು ಸುಮ್ಮನಿರುವುದೇ ಗಂಡಸಿಗೆ ಸರಿ, ಅಲ್ಲವೇ?"

ಗುರುಗಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಹೊಳೆ. ಅದರ ಈ ದಡದಲ್ಲಿ ಒಬ್ಬ ಅಂಬಿಗ. ಅವನ ಹೆಂಡತಿಯ ತವರು ಆಚೆ ದಡದಲ್ಲಿ. ಸೀಮಂತ ಮುಗಿದ ಮೇಲೆ ಅವಳನ್ನು ಅವನೇ ತನ್ನ ಹರಿಗೋಲಿನಲ್ಲಿ ಕೂರಿಸಿ ದಾಟಿಸಿ, ದಡದಲ್ಲಿ ಇಳಿಸಿ ಹಿಂದಿರುಗಿದ. ಮತ್ತೆ ಆ ದಡ ಹತ್ತಲಿಲ್ಲ.

ದಿನವೂ ಆ ದಡಕ್ಕೆ ಹೋಗುತ್ತಿದ್ದ, ಹತ್ತುತ್ತಿರಲಿಲ್ಲ. ಬಸುರಿಯನ್ನು ನೋಡಲು ಹೊರಟವರೆಲ್ಲ ಅವನ ಹರಿಗೋಲಿನಲ್ಲೇ ದಾಟಬೇಕು. ಬಳೆಗಾರ ದಾಟಿದ. ಅತ್ತಿಗೆ ಹುಳಿಯನ್ನ ಕಟ್ಟಿಕೊಂಡು ದಾಟಿದಳು. ಹಿಂದಿರುಗುವಾಗ ಎಲ್ಲರೂ "ಚೆನ್ನಾಗಿದ್ದಾಳಪ್ಪ" ಅನ್ನುತ್ತಿದ್ದರು. ಅವನು ಅವರ ಮಾತು ಕೇಳುತ್ತಿರಲಿಲ್ಲ, ಮುಖ ನೋಡುತ್ತಿದ್ದ. ನೀನು ಹೇಗಿದ್ದೀಯ ಎಂದು ಯಾರೂ ಕೇಳಲಿಲ್ಲ. ಬಸುರಿಯ ಗಂಡ ಕ್ಷೌರ ಮಾಡಿಸಬಾರದಲ್ಲ, ಗಡ್ಡ ಎದೆಗೆ ಇಳಿದಿತ್ತು. ಅದನ್ನು ನೋಡಿ, "ಏನಯ್ಯಾ, ಬಯಕೆ ಅವಳಿಗೋ ನಿನಗೋ?" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ.

ಹರಿಗೋಲು ಅಂದರೆ ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ್ದು. ಸಂಜೆ ಅದನ್ನು ದಡಕ್ಕೆಳೆದು ಬೋರಲು ಹಾಕಬೇಕು, ಆಗಲೇ ತೊಗಲು ಒಣಗುವುದು. ಹೆಂಡತಿಗೆ ಮೂರು ತಿಂಗಳೆಂದು ತಿಳಿದಂದಿನಿಂದ ಅಂಬಿಗ ಅದನ್ನು ಬೋರಲು ಹಾಕಿರಲಿಲ್ಲ. ತೊಗಲು ನೆನೆದು ನೆನೆದು ಮೆತ್ತಗಾಯಿತು. ಬೆಳಿಗ್ಗೆ ಯಾರೂ ಬರುವ ಮುಂಚೆ ಎದ್ದು ಒಳಗಿನ ನೀರನ್ನು ಮೊಗೆದು ಚೆಲ್ಲುತ್ತಿದ್ದ.

ಒಂದು ಮಧ್ಯಾಹ್ನ ಆಚೆ ದಡದಲ್ಲಿ ಭಾವಮೈದುನ ನಿಂತು ಪಂಚೆ ಬೀಸಿದ. ನೋವು ಶುರುವಾಗಿದೆ ಎಂದು ಅರ್ಥ. ಸೂಲಗಿತ್ತಿ ಇದ್ದದ್ದು ಈ ದಡದಲ್ಲಿ. ಅಂಬಿಗ ಓಡಿ ಹೋಗಿ ಮುದುಕಿಯನ್ನು ಕರೆತಂದು ಕೂರಿಸಿದ.

ನಡುಹೊಳೆಯಲ್ಲಿ ತೊಗಲು ಬಿರಿಯಿತು. ಮುದುಕಿಯ ಪಾದ ಮುಳುಗಿತು.

"ಏನಪ್ಪಾ ಇದು, ನನ್ನನ್ನು ದಾಟಿಸುತ್ತೀಯೋ, ಮೀಯಿಸುತ್ತೀಯೋ?"

"ಆರು ತಿಂಗಳಿಂದ ಬೋರಲು ಹಾಕಿಲ್ಲ, ಅವ್ವಾ."

"ಯಾಕೆ?"

ಅಂಬಿಗ ಹುಟ್ಟು ಹಾಕುತ್ತಲೇ ಹೇಳಿದ: "ಬೋರಲು ಬಿದ್ದದ್ದನ್ನು ನೋಡಲಾರೆ. ಬಸುರಿಯೇ ಮುಗ್ಗರಿಸಿ ಬಿದ್ದ ಹಾಗೆ ಕಾಣುತ್ತದೆ. ನನ್ನ ತಾಯಿ ನನ್ನನ್ನು ಹೆತ್ತ ದಿನವೇ ಹೋದಳು. ಈ ಕೆಟ್ಟ ಕಾಲು ಆ ಹೊಸ್ತಿಲನ್ನೂ ತುಳಿಯುವುದು ಬೇಡ ಅಂತ ದಡದಲ್ಲೇ ಉಳಿದೆ."

ಆ ಮಾತು ಅವನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

ಮುದುಕಿ ತನ್ನ ಗಂಟು ಬಿಚ್ಚಿ ತಂಬಿಗೆ ತೆಗೆದಳು. ನೀರು ಮೊಗೆಯುತ್ತಾ ಅಂದಳು: "ಆರು ತಿಂಗಳ ಹಿಂದೆ ಇದನ್ನು ಯಾರಿಗಾದರೂ ಹೇಳಿದ್ದರೆ ಹರಿಗೋಲಾದರೂ ಒಣಗುತ್ತಿತ್ತು. ನೀನು ಹುಟ್ಟು ಹಾಕು. ನೀರು ನಾನು ನೋಡಿಕೊಳ್ಳುತ್ತೇನೆ."

ಮೊಣಕಾಲುದ್ದ ನೀರು ತುಂಬಿದ ಹರಿಗೋಲು ಹೇಗೋ ದಡ ಮುಟ್ಟಿತು. ಅಂಬಿಗ ಅಲ್ಲೇ ನಿಂತ. ಮುದುಕಿ ಅವನ ಕೈ ಹಿಡಿದು ಎಳೆದಳು. "ನನಗೆ ಅಲ್ಲಿ ಏನು ಕೆಲಸ, ಅವ್ವಾ?" ಅಂದ. "ಒಲೆಗೆ ಸೌದೆ ಹಾಕುವವರು ಬೇಡವೇ?" ಅಂದಳು.

ಅವನು ಹಿತ್ತಲ ಒಲೆಯ ಮುಂದೆ ಕೂತು ನೀರು ಕಾಯಿಸಿದ. ಒಳಗಿನ ನರಳಾಟವನ್ನೆಲ್ಲ ಕೇಳಿಸಿಕೊಂಡ. ಸಂಜೆಯ ಹೊತ್ತಿಗೆ ಮಗು ಅತ್ತಿತು. ತಾಯಿ ಬದುಕಿದಳು.

ಬಾಗಿಲಿಗೆ ಬಂದು ನಿಂತ ಗಂಡನನ್ನು ಅವಳು ನೋಡಿದಳು. "ಈ ಹಿತ್ತಲಿನಿಂದ ನಿಮ್ಮ ಹರಿಗೋಲು ಕಾಣುತ್ತದೆ. ಬಂದಾಗಲೆಲ್ಲ ಇವತ್ತು ಇಳಿಯುತ್ತೀರಿ ಅಂದುಕೊಳ್ಳುತ್ತಿದ್ದೆ. ಎಲ್ಲರನ್ನೂ ಇಳಿಸಿ ನೀವು ತಿರುಗಿ ಹೋಗುತ್ತಿದ್ದಿರಿ."

"ಹೆದರಿಕೆಯಾಗಿತ್ತು" ಅಂದ ಅಂಬಿಗ.

"ನನಗೂ ಆಗಿತ್ತು. ಇಬ್ಬರೂ ಒಂದೇ ಕಡೆ ಕೂತು ಹೆದರಬಹುದಿತ್ತಲ್ಲ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮುಂದಿನ ಮಾತಿಗೆ ಕಾದ. ಗುರುಗಳು ಎದ್ದು, ಕಟ್ಟೆಯ ಆಚೆಗೆ ಕಾಣುವ ಊರಿನ ಕಡೆ ನೋಡಿ ಕೇಳಿದರು:

"ನಿನಗೂ ಅವಳಿಗೂ ನಡುವೆ ಯಾವ ಹೊಳೆ ಇದೆಯಪ್ಪಾ?"

ಶಿಷ್ಯ ಎದ್ದು ಆ ಊರಿನ ದಾರಿ ಹಿಡಿದ.