ಕಿತ್ತು ನೋಡದ ಗಿಡ

ಟೊಮೆಟೊ ಬೆಳೆಯುವ ಸೀಮೆಯ ಒಂದು ಕೃಷಿ ಕೇಂದ್ರದಲ್ಲಿ ವನಜಾಕ್ಷಿ ಎಂಬ ಬೇಸಾಯ ತಜ್ಞೆ ಇದ್ದರು. ಮೂವತ್ತು ವರ್ಷ ಹೊಲ ಸುತ್ತಿದವರು. ಮಾತು ಕಡಿಮೆ, ಆಡಿದರೆ ನೇರ.

ಅವರ ಕೈಕೆಳಗೆ ಕೆಲಸ ಕಲಿಯಲು ಬಂದವಳು ನೇತ್ರಾವತಿ. ಚಿನ್ನದ ಪದಕದ ಹುಡುಗಿ. ಪಾಪ, ಪದಕಕ್ಕಿನ್ನೂ ಮಣ್ಣು ಹತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಸಪ್ಪೆ ಮುಖ ಹಾಕಿಕೊಂಡು ಬಂದಳು.

"ಮೇಡಂ, ಪಿಳ್ಳಮುನಿಯಪ್ಪನವರ ಟೊಮೆಟೊ ಹಳದಿಯಾಗಿತ್ತಲ್ಲ, ಸಾರಜನಕ ಕಮ್ಮಿ ಅಂತ ಯೂರಿಯಾ ಹಾಕಿಸಿದೆ. ಹದಿನೈದು ದಿನ ಆಯ್ತು. ಗಿಡ ಇನ್ನೂ ಸೊರಗಿದೆ."

"ಕಿತ್ತು ನೋಡಿದೆಯಾ?"

"ಇಲ್ಲ. ನನ್ನನ್ನು ಕಂಡ ಕೂಡಲೇ 'ಗಂಡಸರು ಯಾರೂ ಇಲ್ವಾ' ಅಂದಿದ್ದರು. ಕಾಯಿ ಕಚ್ಚಿದ ಗಿಡ ಕೀಳೋಕೆ ಧೈರ್ಯ ಬರಲಿಲ್ಲ. ಎಲೆ ನೋಡಿ ಹೇಳಿಬಿಟ್ಟೆ."

ವನಜಾಕ್ಷಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಹೊಲಕ್ಕೆ ಹೋಗಿ ಒಂದು ಗಿಡ ಕಿತ್ತು ಶಿಷ್ಯೆಯ ಕೈಗಿಟ್ಟರು. ಬೇರಿನ ತುಂಬ ಗಂಟುಗಳು.

"ಅಯ್ಯೋ, ಬೇರುಗಂಟು!" ನೇತ್ರಾವತಿಗೆ ಅಳುವುದೊಂದು ಬಾಕಿ. ಮಣ್ಣಿನ ಜಂತುಹುಳು ಬೇರಿಗೇ ಬಿದ್ದಿರುವಾಗ ಯೂರಿಯಾ ಏನು ಮಾಡೀತು?

ಪಕ್ಕದ ತಾಕಿನಲ್ಲಿ ಪಿಳ್ಳಮುನಿಯಪ್ಪ ಮತ್ತೆ ಟೊಮೆಟೊ ಸಸಿಯನ್ನೇ ನೆಡಲು ಮಡಿ ಮಾಡುತ್ತಿದ್ದರು. ಅದೇ ಮಣ್ಣು. ನೆಟ್ಟರೆ ಅದೂ ಹೋಗುತ್ತದೆ.

"ಮೇಡಂ, ನೀವೇ ಹೇಳಿಬಿಡಿ. ಗಂಡಸು ತಪ್ಪಿದರೆ ಅವನೊಬ್ಬ ತಪ್ಪಿದ ಅಂತಾರೆ. ನಾನು ತಪ್ಪಿದರೆ ಹೆಂಗಸರಿಗೆ ಬೇಸಾಯ ಏನು ಗೊತ್ತು ಅಂತಾರೆ. ಇನ್ನು ಈ ಊರಲ್ಲಿ ನನ್ನ ಮಾತು ಯಾರೂ ಕೇಳಲ್ಲ."

"ಅಂತಾರೆ," ಎಂದರು ವನಜಾಕ್ಷಿ. "ನನಗೂ ಅಂದಿದ್ದಾರೆ. ಸಸಿ ನೆಡೋಕೆ ಮುಂಚೆ ಹೋಗಿ ಹೇಳು."

ನೇತ್ರಾವತಿ ಗಿಡ ಹಿಡಿದುಕೊಂಡೇ ಹೋದಳು. ವನಜಾಕ್ಷಿ ಹಿಂದೆಯೇ ನಡೆದರು.

"ಯಜಮಾನರೇ, ನಾನು ಹೇಳಿದ್ದು ತಪ್ಪು. ಬೇರು ನೋಡಿರಲಿಲ್ಲ. ಈ ತಾಕಿಗೆ ಟೊಮೆಟೊ ಬೇಡ. ಒಂದು ಬೆಳೆ ಚೆಂಡುಹೂ ಹಾಕಿ, ಹುಳು ಕಮ್ಮಿಯಾಗುತ್ತೆ."

ಪಿಳ್ಳಮುನಿಯಪ್ಪ ಸನಿಕೆ ಬಿಸಾಕಿದರು. "ಚೆನ್ನಾಯ್ತು ಬಿಡಮ್ಮ! ಹದಿನೈದು ದಿನ ಮಣ್ಣು ಪಾಲು!"

ಆಮೇಲೆ ಅವಳನ್ನು ಬಿಟ್ಟು ವನಜಾಕ್ಷಿಯ ಕಡೆ ತಿರುಗಿದರು. "ಅಮ್ಮಾ, ನೀವು ದೊಡ್ಡೋರು. ಈ ಹುಡುಗಿ ಮಾತು ನನಗೆ ಬೇಡ. ಚೆಂಡುಹೂ ಹಾಕ್ಲಾ ಬೇಡ್ವಾ, ನೀವೇ ಹೇಳಿ."

ವನಜಾಕ್ಷಿ ಹೇಳಿದರು: "ಅವಳು ಎಲ್ಲಿ ತಪ್ಪಿದಳು ಅಂತ ನಿಮಗೆ ಗೊತ್ತು. ನಾನು ಎಲ್ಲೆಲ್ಲಿ ತಪ್ಪಿದ್ದೇನೆ ಅಂತ ಗೊತ್ತಿಲ್ಲ. ಅವಳನ್ನೇ ಕೇಳಿ."