ಪೀಠದಿಂದ ಇಳಿದ ಕಾಗೆ

ಆಲದ ಮರದ ಕಾಗೆಗಳೇ ಆ ಕಾಡಿನ ವಕೀಲರು, ನ್ಯಾಯಾಧೀಶರೂ ಅವರೇ. ಒಂದು ದಿನ ಅಳಿಲೊಂದು ಬಂದು, ಹಿರಿಯ ವಕೀಲ ಕಾಗೆ ತನ್ನ ಗಂಡನನ್ನು ಕುಕ್ಕಿ ಕೊಂದನೆಂದು ದೂರಿತು. ಅದರ ಪರವಾಗಿ ವಾದಿಸಲು ಒಂದು ಕಾಗೆಯೂ ಮುಂದೆ ಬರಲಿಲ್ಲ.

ಆರೋಪಿ ಪೀಠದಲ್ಲಿದ್ದ ನ್ಯಾಯಾಧೀಶೆ ಕಾಗೆಗೆ ಹೇಳಿದ: "ನಿನಗೆ ವಿದ್ಯೆ ಕಲಿಸಿದವನು ನಾನು. ನಮ್ಮ ಮರದ ಮಾನ ಉಳಿಸು."

ಅವಳು ಪೀಠದಿಂದ ಇಳಿದು ಅಳಿಲಿನ ಪಕ್ಕ ಕೂತಳು.

"ತೀರ್ಪು ಕೊಡಲು ಆಚೆ ಕೆರೆಯ ಕೊಕ್ಕರೆಯನ್ನು ಕರೆಸಿ."

"ಯಾಕೆ? ನೀನಿಲ್ಲವೇ?"

"ಗುರುಗಳೇ, ಸಾಕ್ಷಿ ಹೇಳುವವಳು ತೀರ್ಪು ಕೊಡುವಂತಿಲ್ಲ. ನೀವು ಅವನನ್ನು ಕುಕ್ಕಿದಾಗ ನಾನು ಎದುರಿನ ಕೊಂಬೆಯಲ್ಲಿದ್ದೆ."

ಕೊಕ್ಕರೆ ಬಂದು, ಸಾಕ್ಷಿ ಕೇಳಿ, ಅಪರಾಧಿಯನ್ನು ಗಡೀಪಾರು ಮಾಡಿತು. ಆಲದ ಕಾಗೆಗಳು ಅವಳೊಡನೆ ಮಾತು ಬಿಟ್ಟವು. ಆ ವರ್ಷ ಅವಳು ಅಳಿಲುಗಳಿದ್ದ ಹುಣಸೆ ಮರದಲ್ಲಿ ಗೂಡು ಕಟ್ಟಿದಳು.